2036ರ ಇನ್ನೊಂದು ಲೆಕ್ಕ

ಕೇಂದ್ರ ಸಂಪುಟ 2025ರ ಜುಲೈ 1ರಂದು ಒಪ್ಪಿಗೆ ಕೊಟ್ಟ ‘ಖೇಲೋ ಭಾರತ್ ನೀತಿ’ಯ ಕುರಿತ ಚರ್ಚೆಯೆಲ್ಲ ಒಂದೇ ಇಸವಿಯ ಸುತ್ತ ಗಿರಕಿ ಹೊಡೆಯುತ್ತಿದೆ. 2036ಕ್ಕೆ ಒಲಿಂಪಿಕ್ಸ್ ನಮ್ಮಲ್ಲಿ ನಡೆಯಬೇಕು, ಪದಕಪಟ್ಟಿಯಲ್ಲಿ ನಾವು ಮೇಲೇರಬೇಕು. ಆಸೆ ತಪ್ಪಲ್ಲ. ಆದರೆ ಅದೇ ವರ್ಷದ ಬಗ್ಗೆ ಸರ್ಕಾರದ್ದೇ ಇನ್ನೊಂದು ಕಡತದಲ್ಲಿ ಬೇರೆ ಅಂಕಿ ಇದೆ. ಜನಸಂಖ್ಯಾ ಅಂದಾಜಿನ ತಾಂತ್ರಿಕ ತಂಡ 2020ರಲ್ಲಿ ಕೊಟ್ಟ ವರದಿಯ ಪ್ರಕಾರ, 2011ರಲ್ಲಿ 10 ಕೋಟಿಯಷ್ಟಿದ್ದ ಅರವತ್ತು ದಾಟಿದವರ ಸಂಖ್ಯೆ 2036ಕ್ಕೆ ಸುಮಾರು 23 ಕೋಟಿಯಾಗುತ್ತದೆ. ಅಂದರೆ ನೂರಕ್ಕೆ 15 ಮಂದಿ. ಹದಿನೈದು ವರ್ಷದೊಳಗಿನ ಮಕ್ಕಳ ಪಾಲು ಶೇ 31ರಿಂದ ಶೇ 20ರ ಆಸುಪಾಸಿಗೆ ಇಳಿಯುತ್ತದೆ. ಈ ಎರಡನೇ ಲೆಕ್ಕವನ್ನು ಪಕ್ಕಕ್ಕಿಟ್ಟು ಹಣ ಹಂಚುವ ಕ್ರೀಡಾನೀತಿ ಅರ್ಧ ದೇಶದ ನೀತಿ.

‘ಜನಾಂದೋಲನವಾಗಿ ಕ್ರೀಡೆ’ ಎಂಬುದು ಈ ನೀತಿಯ ಐದು ಸ್ತಂಭಗಳಲ್ಲಿ ಒಂದು. ಆಂದೋಲನ ಸರಿ, ಅದರ ಖರ್ಚು ಯಾರ ಹೆಸರಿಗೆ ಬೀಳುತ್ತಿದೆ ನೋಡಿ. ಖೇಲೋ ಇಂಡಿಯಾಕ್ಕೆ 2025–26ರ ಬಜೆಟ್ಟಿನಲ್ಲಿ ₹1,000 ಕೋಟಿ ಸಿಕ್ಕಿತು. ಯುವಕರ ಕೂಟ, ವಿಶ್ವವಿದ್ಯಾಲಯ ಕೂಟ, ಚಳಿಗಾಲದ ಕೂಟ, ಪ್ಯಾರಾ ಕೂಟ, ಈಗ ಕಡಲತೀರದ ಕೂಟವೂ ಬಂತು. ಅರವತ್ತು ದಾಟಿದವರಿಗೆಂದು ಒಂದೂ ಇಲ್ಲ. ಅವರು ಹಿರಿಯ ಆಟಗಾರರ ‘ಮಾಸ್ಟರ್ಸ್’ ಸಂಘಗಳ ಬಾಗಿಲಿಗೆ ಹೋಗಬೇಕು. ಪ್ರವೇಶಶುಲ್ಕ, ಶೂ, ರೈಲಿನ ಟಿಕೆಟ್ಟು, ತಂಗುವ ಖರ್ಚು ಎಲ್ಲ ಸ್ವಂತ ಕಿಸೆಯಿಂದ. ವಿದೇಶಿ ಕೂಟಕ್ಕೆ ಆಯ್ಕೆಯಾದರೆ ವೀಸಾ ಹಣಕ್ಕೆ ಊರವರ ಮುಂದೆ ಕೈಯೊಡ್ಡಬೇಕು. ಪದಕ ತಂದರೆ ನಿಲ್ದಾಣದಲ್ಲಿ ಹಾರ, ಶಾಲು, ಪತ್ರಿಕೆಯಲ್ಲೊಂದು ಫೋಟೊ. ಅಲ್ಲಿಗೆ ಮುಗಿಯಿತು.

ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವರಿಗೆ ಮುದಿ ಮೈಯ ತಾಕತ್ತನ್ನು ಯಾರೂ ಹೇಳಿಕೊಡಬೇಕಿಲ್ಲ. ಸೊಲ್ಲಾಪುರದ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಸಿದ್ಧರಾಮೇಶ್ವರನ ಏಳು ನಂದಿಧ್ವಜಗಳು 68 ಲಿಂಗಗಳನ್ನು ಸುತ್ತಿಕೊಂಡು ಊರಿಡೀ ನಡೆಯುತ್ತವೆ. ಅಷ್ಟು ಎತ್ತರದ, ತಲೆಭಾರದ ಕೋಲನ್ನು ಸೊಂಟದ ಪಟ್ಟಿಗೆ ಊರಿಕೊಂಡು ಗಂಟೆಗಟ್ಟಲೆ ನಡೆಯುವುದು ಕಾಲು, ಬೆನ್ನು, ಉಸಿರು ಮೂರನ್ನೂ ಪರೀಕ್ಷಿಸುವ ಕೆಲಸ. ಅದಕ್ಕೆ ವಾರಗಟ್ಟಲೆ ಮೊದಲೇ ಅಭ್ಯಾಸ ನಡೆಯುತ್ತದೆ. ಹೆಜ್ಜೆ ತಿದ್ದುವವರು, ಕೋಲು ವಾಲಿದಾಗ ಹಗ್ಗ ಹಿಡಿದು ಕೂಗುವವರು ಹಿಂದಿನ ತಲೆಮಾರಿನವರು. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಭಕ್ತರಿಗಾಗಿ 1988ರಿಂದ ನಡೆಯುತ್ತಿರುವ ಅನ್ನಛತ್ರದಲ್ಲೂ ಅಷ್ಟೇ. ಪಂಕ್ತಿಯಿಂದ ಪಂಕ್ತಿಗೆ ಓಡಾಡಿ ಬಡಿಸುವ ನಿವೃತ್ತ ಶಿಕ್ಷಕ, ಗಿರಣಿ ಮುಚ್ಚಿದ ಮೇಲೆ ಕೆಲಸ ಕಳೆದುಕೊಂಡ ಕಾರ್ಮಿಕ, ಮೊಮ್ಮಕ್ಕಳನ್ನು ಶಾಲೆಗೆ ಕಳಿಸಿ ಬಂದ ಅಜ್ಜಿ ಇಂಥ ಕಡೆಗಳಲ್ಲೆಲ್ಲ ಸಿಗುತ್ತಾರೆ. ಗಡಿ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಕ್ರೀಡಾದಿನ ಬಂದರೆ ಸುಣ್ಣದ ಗೆರೆ ಎಳೆದು, ಸೀಟಿ ಊದಿ, ಮಕ್ಕಳನ್ನು ಸಾಲು ನಿಲ್ಲಿಸುವವರೂ ಇಂಥವರೇ. ಅವರ ಬೆವರನ್ನು ನಾವು ಪುಕ್ಕಟೆ ಪಡೆಯುತ್ತೇವೆ. ಅದೇ ಮೈ ತನಗಾಗಿ ಓಡಬೇಕೆಂದರೆ ಮಾತ್ರ ‘ಈ ವಯಸ್ಸಿನಲ್ಲಿ ಯಾಕೆ’ ಎನ್ನುತ್ತೇವೆ.

ಪಕ್ಕದ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ನಡೆದದ್ದನ್ನು ನಾವು ಸಿನಿಮಾ ಕಥೆ ಮಾಡಿ ಮರೆತೆವು. ಅರವತ್ತು ದಾಟಿದ ಕೂಲಿ ಹೆಣ್ಣುಮಗಳು ಲತಾ ಭಗವಾನ್ ಕರೆ ಒಂಬತ್ತು ಗಜದ ಸೀರೆ ಉಟ್ಟು, ಬರಿಗಾಲಲ್ಲಿ ಹಿರಿಯರ ವಿಭಾಗದಲ್ಲಿ ಓಡಿ ಗೆದ್ದರು. ಓಡಿದ್ದು ಗಂಡನ ಎಂಆರ್‌ಐ ಸ್ಕ್ಯಾನಿಗೆ ಹಣ ಇಲ್ಲದ್ದಕ್ಕೆ, ಬಹುಮಾನ ₹5,000. ಅವರ ಬದುಕು ಮರಾಠಿ ಚಿತ್ರವಾಯಿತು, ಅವರ ಪಾತ್ರವನ್ನು ಅವರೇ ಮಾಡಿದರು, 67ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖವೂ ಸಿಕ್ಕಿತು. ಎಲ್ಲರೂ ಅದನ್ನು ಪವಾಡವೆಂದು ಹೊಗಳಿದರು. ಹೊಲಮನೆಯಲ್ಲಿ ದುಡಿದು ಗಟ್ಟಿಯಾದ ಇಂಥ ಕಾಲುಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟಿವೆ, ಅವುಗಳಿಗೆ ಓಡಲು ಮೈದಾನ ಎಲ್ಲಿದೆ ಎಂದು ಕೇಳಿದವರು ಕಡಿಮೆ.

ಹಿರಿಯರ ಮೈಗೆ ಹಣ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ ₹5 ಲಕ್ಷದವರೆಗಿನ ಆಸ್ಪತ್ರೆ ವೆಚ್ಚ ಭರಿಸುವ ಆಯುಷ್ಮಾನ್ ಯೋಜನೆ 2024ರ ಅಕ್ಟೋಬರಿನಲ್ಲಿ ಬಂತು. ಅದು ಬೇಕಾದ ಯೋಜನೆ, ಸ್ವಾಗತ. ಆದರೆ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಲಕ್ಷಗಟ್ಟಲೆ ಕೊಡಲು ತಯಾರಿರುವ ಸರ್ಕಾರ, ಬೀಳದ ಹಾಗೆ ಕಾಲು ಗಟ್ಟಿ ಮಾಡಿಕೊಳ್ಳಲು ಒಬ್ಬ ತರಬೇತುದಾರನನ್ನೂ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ: 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಬೇಕು, ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕು. ನಮ್ಮ ಸ್ಥಿತಿ ಏನು? ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಹೆಂಗಸರಲ್ಲಿ ಶೇ 57. 2000ನೇ ಇಸವಿಯಲ್ಲಿ ಇದೇ ದೇಶದಲ್ಲಿ ಈ ಪ್ರಮಾಣ ಶೇ 22ರ ಸುಮಾರಿನಲ್ಲಿತ್ತು.

ಜಪಾನಿನವರು ಇದನ್ನು ಬೇಗ ಕಂಡುಕೊಂಡರು. ಅಲ್ಲಿನ ಆರೋಗ್ಯ ಸಚಿವಾಲಯ ತನ್ನ ಐವತ್ತನೇ ವರ್ಷದ ನೆನಪಿಗೆ 1988ರಲ್ಲಿ ಅರವತ್ತು ದಾಟಿದವರ ರಾಷ್ಟ್ರೀಯ ಕೂಟ ‘ನೆನ್ರಿನ್‌ಪಿಕ್’ ಶುರುಮಾಡಿತು. ಆಗ ಅಲ್ಲಿ 65 ದಾಟಿದವರು ನೂರಕ್ಕೆ ಹನ್ನೊಂದರಷ್ಟಿದ್ದರು. ಪ್ರತಿಸಲ ಒಂದೊಂದು ಪ್ರಾಂತ್ಯದಲ್ಲಿ ನಡೆಯುವ ಈ ಕೂಟದಲ್ಲಿ ಟೇಬಲ್ ಟೆನಿಸ್, ಗೇಟ್‌ಬಾಲ್ ಜೊತೆಗೆ ಹಲಗೆಯಾಟಗಳೂ ಇವೆ. ಗಮನಿಸಬೇಕಾದದ್ದು, ಇದನ್ನು ಕಟ್ಟಿದ್ದು ಕ್ರೀಡಾ ಇಲಾಖೆಯಲ್ಲ, ಆರೋಗ್ಯ ಇಲಾಖೆ. ಪದಕದ ಲೆಕ್ಕದಲ್ಲಿ ಅಲ್ಲದೆ ಆಸ್ಪತ್ರೆಯ ಬಿಲ್ಲಿನ ಲೆಕ್ಕದಲ್ಲಿ ಅವರು ಆಟವನ್ನು ನೋಡಿದರು. ನಮ್ಮಲ್ಲಿ 2021ಕ್ಕೇ ಅರವತ್ತು ದಾಟಿದವರ ಪಾಲು ಶೇ 10 ಮೀರಿದೆ ಎಂಬುದು ಅಧಿಕೃತ ಅಂದಾಜು. ಕಾಯುವುದಕ್ಕೆ ಕಾರಣವೇನೂ ಉಳಿದಿಲ್ಲ.

ಪದಕ ತರುವ ಮಕ್ಕಳ ಪಾಲು ಕಿತ್ತು ಮುದುಕರಿಗೆ ಕೊಡಬೇಕೇ ಎಂದು ಕೇಳುವವರಿದ್ದಾರೆ. ಯಾರ ಪಾಲನ್ನೂ ಕೀಳಬೇಕಿಲ್ಲ. ಆರೋಗ್ಯದ ಬಾಬ್ತಿನ ಹಣದಲ್ಲೇ ಇದು ಆಗಬಹುದು. ಮೈದಾನವಂತೂ ಹೊಸದು ಬೇಡ. ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ 2016ರಲ್ಲೇ ಸೊಲ್ಲಾಪುರ ಇತ್ತು. ಹೋಮ್ ಮೈದಾನ, ಪಾರ್ಕ್ ಸ್ಟೇಡಿಯಂ ಎರಡಕ್ಕೂ ಆ ಹಣ ಬಂತು. ಅಲ್ಲಿ ಬೆಳಿಗ್ಗೆ ಎರಡು ತಾಸು ಹಿರಿಯರಿಗೆ ಮೀಸಲಿಟ್ಟು, ಒಬ್ಬ ಫಿಸಿಯೊಥೆರಪಿಸ್ಟನ್ನು ನೇಮಿಸಿದರೆ ಸಾಕು, ಶುರುವಾಗುತ್ತದೆ. ಇಲ್ಲದಿದ್ದರೆ ಅವರು ಓಡುವುದು ಹೆದ್ದಾರಿಯ ಅಂಚಿನಲ್ಲಿ. ನೀತಿಗೆ ಒಪ್ಪಿಗೆ ಸಿಕ್ಕ ಎರಡೇ ವಾರಕ್ಕೆ, ಜುಲೈ 14ರಂದು, ಫೌಜಾ ಸಿಂಗ್ ಜಲಂಧರ್ ಜಿಲ್ಲೆಯ ತಮ್ಮೂರಿನ ಬಳಿ ವಾಹನ ಬಡಿದು ತೀರಿಕೊಂಡರು. 2000ದಲ್ಲಿ ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿ, 2011ರಲ್ಲಿ ನೂರರ ವಯಸ್ಸಿನಲ್ಲಿ ಟೊರಾಂಟೊದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದ ಮನುಷ್ಯ, ದಾನಕ್ಕಾಗಿ ಓಡಿದವರು. ಅವರಿಗೆ ಶ್ರದ್ಧಾಂಜಲಿ ಹೇಳಿದ ಸರ್ಕಾರಗಳಲ್ಲಿ ಯಾವುದೂ ಹಿರಿಯರು ನಡೆಯುವ ರಸ್ತೆಯ ಬಗ್ಗೆ ಒಂದು ಆದೇಶ ಹೊರಡಿಸಿದ್ದು ನೆನಪಿಲ್ಲ.

ಗಡಿಯವರ ಕಷ್ಟ ಇನ್ನೊಂದು. ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ 75 ದಾಟಿದವರಿಗೆ 2022ರಿಂದ ಪ್ರಯಾಣ ಪುಕ್ಕಟೆ, ಆದರೆ ರಾಜ್ಯದ ಗಡಿಯವರೆಗೆ ಮಾತ್ರ. ಕರ್ನಾಟಕದ ‘ಶಕ್ತಿ’ ಯೋಜನೆಯ ಪುಕ್ಕಟೆ ಬಸ್ ಪ್ರಯಾಣ ಆ ರಾಜ್ಯದ ನಿವಾಸಿ ಮಹಿಳೆಯರಿಗಷ್ಟೇ. ಕಲಬುರಗಿಯ ಕೂಟಕ್ಕೆ ಓಡಲು ಹೊರಟ ಅಕ್ಕಲಕೋಟೆಯ ಕನ್ನಡತಿ ಎರಡೂ ಕಡೆ ಹೊರಗಿನವಳು. ರೈಲಿನಲ್ಲಿ ಹಿರಿಯ ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50 ಇದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು ಮರಳಿಲ್ಲ. ಎರಡು ರಾಜ್ಯಗಳ ಸಾರಿಗೆ ಸಚಿವರು ಒಂದು ಮೇಜಿನ ಮುಂದೆ ಕೂತು, ಕ್ರೀಡಾಕೂಟದ ಪ್ರವೇಶಪತ್ರ ತೋರಿಸಿದ ಹಿರಿಯರಿಗೆ ಗಡಿ ದಾಟಿಯೂ ರಿಯಾಯಿತಿ ಕೊಡಿಸುವುದು ಒಂದು ಮಧ್ಯಾಹ್ನದ ಕೆಲಸ. ಸೊಲ್ಲಾಪುರ ಮತ್ತು ಕಲಬುರಗಿ ಜಿಲ್ಲಾಡಳಿತಗಳು ಸೇರಿ ಗಡಿನಾಡಿನ ಹಿರಿಯರ ಮೊದಲ ಕೂಟವನ್ನು ಮುಂದಿನ ಗಡ್ಡಾ ಜಾತ್ರೆ ಮುಗಿದ ವಾರವೇ ಹೋಮ್ ಮೈದಾನದಲ್ಲಿ ನಡೆಸಲಿ. ಖರ್ಚನ್ನು ಆರೋಗ್ಯ ಇಲಾಖೆಯ ಲೆಕ್ಕಕ್ಕೆ ಹಾಕಲಿ.