ನದಿದಂಡೆಯೂ ಬಂಡವಾಳವೇ

ಅಮೆರಿಕದ ಟೆನೆಸಿ ರಾಜ್ಯದ ಚಟನೂಗ ನಗರದಲ್ಲಿ 2017ರ ಸೆಪ್ಟೆಂಬರ್ 9 ಮತ್ತು 10ರಂದು ಐರನ್‌ಮ್ಯಾನ್ 70.3 ವಿಶ್ವ ಚಾಂಪಿಯನ್‌ಷಿಪ್ ಜರುಗಿತು. ಟೆನೆಸಿ ನದಿಯಲ್ಲಿ 1.9 ಕಿ.ಮೀ. ಈಜು, ಅನಂತರ 90 ಕಿ.ಮೀ. ಸೈಕಲ್ ಸವಾರಿ, ಕೊನೆಗೆ 21.1 ಕಿ.ಮೀ. ಓಟ, ಒಟ್ಟು 113 ಕಿ.ಮೀ. ಉಡುಪು ಬದಲಿಸುವ ಸಮಯವೂ ಲೆಕ್ಕಕ್ಕೆ ಸೇರುತ್ತದೆ. ಈಜಿನ ಒಂದು ಭಾಗ ಹರಿವಿಗೆ ಎದುರಾಗಿತ್ತು. ಅಲ್ಲಿಯೇ ಶಕ್ತಿಯನ್ನೆಲ್ಲ ವ್ಯಯಿಸಿದವನು ಓಟದಲ್ಲಿ ಸಾಲಗಾರನಾಗುವುದು ಖಚಿತ.

ಇಂತಹ ಸ್ಪರ್ಧೆಯಿಂದ ಊರಿಗೆ ದೊರೆತ ಲಾಭವನ್ನು ಹೋಟೆಲ್ ಕೊಠಡಿಗಳನ್ನು ಎಣಿಸಿ ಹೇಳುವುದು ವಾಡಿಕೆ. ಇದು ಅಪೂರ್ಣ ಲೆಕ್ಕ. ರಸ್ತೆ ಮುಚ್ಚಿದ ದಿನ ಗಿರಾಕಿಯನ್ನು ಕಳೆದುಕೊಂಡ ಅಂಗಡಿಯವನ ನಷ್ಟವನ್ನು ಖರ್ಚಿನ ಬದಿಗೆ ಬರೆಯುವವರು ವಿರಳ.

ಚಟನೂಗದ ನಿಜವಾದ ಗಳಿಕೆ ಬೇರೆಡೆಯಿದೆ. ಎರಕದ ಕಾರ್ಖಾನೆಗಳ ಈ ಊರು 1969ರಲ್ಲಿ ಆ ದೇಶದಲ್ಲಿಯೇ ಅತ್ಯಂತ ಮಲಿನ ಗಾಳಿಯ ನಗರವೆಂಬ ಅಪಕೀರ್ತಿಗೆ ಗುರಿಯಾಗಿತ್ತು. ಬಹುಮಟ್ಟಿಗೆ ಖಾಸಗಿ ದೇಣಿಗೆಯಿಂದ 1992ರಲ್ಲಿ ನದಿದಂಡೆಯಲ್ಲಿ ಮತ್ಸ್ಯಾಲಯ ತೆರೆಯಿತು. 1890ರ ವಾಲ್ನಟ್ ಸ್ಟ್ರೀಟ್ ಸೇತುವೆ 1978ರಲ್ಲಿ ವಾಹನಗಳಿಗೆ ಮುಚ್ಚಿತ್ತು. ಅದನ್ನು ಕೆಡವದೆ ದುರಸ್ತಿಗೊಳಿಸಿ 1993ರಲ್ಲಿ ಪಾದಚಾರಿಗಳಿಗೆ ಬಿಟ್ಟುಕೊಟ್ಟರು. ವಿಶ್ವಸ್ಪರ್ಧೆ ಬಂದದ್ದು ಅದಾದ 24 ವರ್ಷಗಳ ಬಳಿಕ. ಈ ವೆಚ್ಚಗಳನ್ನು ಆಯಾ ವರ್ಷದ ಲಾಭನಷ್ಟದ ಖಾತೆಯಲ್ಲಿಟ್ಟು ನೋಡಿದ್ದರೆ ಯಾವ ವರ್ತಕನೂ ಒಪ್ಪುತ್ತಿರಲಿಲ್ಲ. ಇವು ಆಸ್ತಿ ಪಟ್ಟಿಗೆ ಸೇರಬೇಕಾದ ಬಾಬುಗಳು.

ಕ್ರೀಡಾಕೂಟವನ್ನು ತಮ್ಮ ಊರಿಗೆ ಕರೆಯಿಸಿಕೊಳ್ಳಲು ಹಣ ತೆರುವ ಮುನ್ನ ವಾಣಿಜ್ಯ ಸಂಸ್ಥೆಗಳು, ಉಳಿದ 363 ದಿನ ಆ ದಂಡೆಗೆ ಯಾರು ಬರುತ್ತಾರೆ, ಅಲ್ಲಿ ಏನನ್ನು ಕೊಳ್ಳುತ್ತಾರೆ ಎಂಬುದನ್ನು ವಿಚಾರಿಸುವುದು ಯುಕ್ತ.