ಗೋಲ್‌ಕೀಪರ್‌ನ ಪ್ಯಾಡಿಗೆ ಮನೆಯ ಹಸು ಮಾರಬೇಕೆ?



ಭಾರತ ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದ ಪಿ.ಆರ್. ಶ್ರೀಜೇಶ್ ಹೆಸರು ಸುದ್ದಿಗೆ ಬಂದಾಗಲೆಲ್ಲ ಒಂದು ಕಥೆಯೂ ಜೊತೆಗೆ ಬರುತ್ತದೆ. ಕೇರಳದ ಎರ್ನಾಕುಲಂ ಜಿಲ್ಲೆಯ ಕಿಳಕ್ಕಂಬಲಂನ ರೈತರೊಬ್ಬರು ಮಗನ ಗೋಲ್‌ಕೀಪಿಂಗ್ ಕಿಟ್‌ಗಾಗಿ ಮನೆಯ ಹಸು ಮಾರಿದರು ಎಂಬ ಕಥೆ ಅದು. ನಡೆದದ್ದು ನಿಜ, ಆ ತಂದೆ ದೊಡ್ಡವರು ಎಂಬುದರಲ್ಲೂ ಎರಡು ಮಾತಿಲ್ಲ. ಆದರೆ ಪತ್ರಿಕೆಗಳು ಇದನ್ನು ತ್ಯಾಗವೆಂದು ಕೊಂಡಾಡಿ ಅಲ್ಲಿಗೇ ನಿಲ್ಲಿಸುವುದು ತಪ್ಪು. ಕ್ರೀಡಾ ಶಾಲೆಗೆ ಆಯ್ಕೆಯಾದ ಹುಡುಗನಿಗೆ ಪ್ಯಾಡ್ ಕೊಡಿಸುವ ಖರ್ಚು ಹಾಲು ಕರೆಯುವ ಹಸುವಿನ ಬೆಲೆಯಾಗಿ ಒಂದು ಮನೆಯ ಮೇಲೆ ಬಿದ್ದಿತು. ಅದು ಕ್ರೀಡಾಡಳಿತದ ಲೋಪ, ಹಾಗೆಂದೇ ಅದನ್ನು ಬರೆಯಬೇಕು.

ಹಾಕಿಯಲ್ಲಿ ಉಳಿದ ಹತ್ತು ಆಟಗಾರರಿಗೆ ಸ್ಟಿಕ್, ಶೂ, ಮೊಣಕಾಲ ಕೆಳಗಿನ ಶಿನ್‌ಗಾರ್ಡ್ ಇದ್ದರೆ ಅಭ್ಯಾಸ ಸಾಗುತ್ತದೆ. ಗೋಲ್‌ಕೀಪರ್‌ಗೆ ಹೆಲ್ಮೆಟ್, ಗಂಟಲು ಮತ್ತು ಎದೆಯ ಕವಚ, ತೋಳಿನ ಗಾರ್ಡ್, ದಪ್ಪ ಪ್ಯಾಂಟು, ಎರಡು ಕಾಲಿಗೂ ಪ್ಯಾಡ್, ಪಾದಕ್ಕೆ ಕಿಕ್ಕರ್, ಎರಡು ಕೈಗೆ ಎರಡು ಬೇರೆ ಆಕಾರದ ಕೈಗಾರ್ಡ್ ಬೇಕು. ಇದರಲ್ಲಿ ಯಾವುದನ್ನೂ ಬಿಡುವಂತಿಲ್ಲ. 156ರಿಂದ 163 ಗ್ರಾಂ ತೂಗುವ ಗಟ್ಟಿ ಚೆಂಡು ಡ್ರ್ಯಾಗ್ ಫ್ಲಿಕ್‌ನಲ್ಲಿ ಗಂಟೆಗೆ ನೂರು ಕಿಲೋಮೀಟರ್ ದಾಟಿದ ವೇಗದಲ್ಲಿ ಬರುತ್ತದೆ. ಕಾಯಬೇಕಾದ ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಇದರ ಮೇಲೆ, ಬೆಳೆಯುವ ಮಗುವಿಗೆ ಈ ವರ್ಷದ ಪ್ಯಾಡು ಮುಂದಿನ ವರ್ಷ ಗಿಡ್ಡವಾಗುತ್ತದೆ. ಹೀಗಾಗಿ ಯಾರು ಗೋಲಿನಲ್ಲಿ ನಿಲ್ಲಬೇಕೆಂಬುದನ್ನು ಎಷ್ಟೋ ಕಡೆ ಕೋಚ್ ನೋಡುವುದಕ್ಕೆ ಮೊದಲೇ ಮನೆಯ ಹಣದ ಸ್ಥಿತಿ ತೀರ್ಮಾನಿಸಿಬಿಡುತ್ತದೆ.

ಶ್ರೀಜೇಶ್ ಹುಟ್ಟಾ ಗೋಲ್‌ಕೀಪರ್ ಅಲ್ಲ. 12ನೇ ವಯಸ್ಸಿನಲ್ಲಿ ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾ ಶಾಲೆಗೆ ಸೇರುವ ಹೊತ್ತಿಗೆ ಓಟ, ಉದ್ದ ಜಿಗಿತ, ವಾಲಿಬಾಲ್ ಎಲ್ಲದರಲ್ಲೂ ಕೈಯಾಡಿಸಿದ್ದರು. ಗೋಲ್‌ಕೀಪರ್ ಆಗೆಂದು ಹೇಳಿ ಗೋಲಿನಲ್ಲಿ ನಿಲ್ಲಿಸಿದವರು ಅಲ್ಲಿನ ತರಬೇತುದಾರರು. 2006ರಲ್ಲಿ ಕೊಲಂಬೊದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಹಿರಿಯರ ತಂಡಕ್ಕೆ ಬಂದರೂ ಗೋಲ್‌ಕೀಪರ್‌ಗಳಾಗಿ ಏಡ್ರಿಯನ್ ಡಿಸೋಜ, ಭರತ್ ಛೇತ್ರಿ ಇದ್ದ ಕಾಲದಲ್ಲಿ ಹಲವು ವರ್ಷ ಸರದಿ ಕಾಯಬೇಕಾಯಿತು. ಮುನ್ಪಡೆಯವರನ್ನು ಆಟದ ನಡುವೆ ಎಷ್ಟು ಬಾರಿ ಬೇಕಾದರೂ ಬದಲಿಸಬಹುದು, ಗೋಲ್‌ಕೀಪರ್‌ನ ಸ್ಥಾನ ಮಾತ್ರ ಒಂದೇ. ಪ್ಯಾರಿಸ್ ಒಲಿಂಪಿಕ್ಸ್‌ನ 16 ಮಂದಿಯ ತಂಡದಲ್ಲಿ ಅವರೊಬ್ಬರೇ ಗೋಲ್‌ಕೀಪರ್. ಕೃಷನ್ ಪಾಠಕ್ ಹೆಸರು ಮೀಸಲು ಪಟ್ಟಿಯಲ್ಲಿತ್ತು.

ಕಾದದ್ದು ವ್ಯರ್ಥವಾಗಲಿಲ್ಲ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಶೂಟೌಟ್‌ನಲ್ಲಿ ಗೆದ್ದ ಚಿನ್ನ ತಂಡವನ್ನು ನೇರವಾಗಿ ರಿಯೊ ಒಲಿಂಪಿಕ್ಸ್‌ಗೆ ಕರೆದೊಯ್ಯಿತು. ಅಲ್ಲಿ ನಾಯಕರೂ ಅವರೇ. 2021ರಲ್ಲಿ ಟೋಕಿಯೊದಲ್ಲಿ ಜರ್ಮನಿ ವಿರುದ್ಧ 5-4ರ ಮುನ್ನಡೆ, ಕೊನೆಯ ಸೆಕೆಂಡುಗಳ ಪೆನಾಲ್ಟಿ ಕಾರ್ನರ್, ಅದನ್ನು ತಡೆದ ದೇಹ, 41 ವರ್ಷಗಳ ನಂತರ ಬಂದ ಪದಕ. ಪ್ಯಾರಿಸ್‌ನ ಕ್ವಾರ್ಟರ್ ಫೈನಲ್ ಅದಕ್ಕಿಂತ ಕಠಿಣ. ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ ಹತ್ತೇ ಜನ ಬ್ರಿಟನ್ ತಂಡವನ್ನು 1-1ಕ್ಕೆ ಹಿಡಿದಿಟ್ಟು, ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಕಂಚಿನ ಪದಕದೊಂದಿಗೆ ಶ್ರೀಜೇಶ್ ನಿವೃತ್ತರಾದಾಗ ಹಾಕಿ ಇಂಡಿಯಾ ಅವರ 16ನೇ ಸಂಖ್ಯೆಯ ಜೆರ್ಸಿಯನ್ನೂ ನಿವೃತ್ತಗೊಳಿಸಿತು.

ಕಿಟ್‌ನ ಖರ್ಚು ಮನೆಯ ಮೇಲೆ ಬೀಳುವುದು ಒಬ್ಬರ ಕಥೆಯಷ್ಟೇ ಅಲ್ಲ ಎಂಬುದಕ್ಕೆ ಮಹಿಳಾ ತಂಡದ ಗೋಲ್‌ಕೀಪರ್ ಸವಿತಾ ಪೂನಿಯಾ ಇದ್ದಾರೆ. ಹರಿಯಾಣದ ಸಿರ್ಸಾ ಜಿಲ್ಲೆಯ ಜೋಧ್‌ಕಾನ್ ಹಳ್ಳಿಯ ಈ ಹುಡುಗಿ ಭಾರದ ಕಿಟ್ ಹೊತ್ತು ಬಸ್ಸಿನಲ್ಲಿ ಸಿರ್ಸಾಕ್ಕೆ ಅಭ್ಯಾಸಕ್ಕೆ ಹೋಗಿಬರುತ್ತಿದ್ದರು. ಅವರ ಕಿಟ್‌ಗೂ ಹಣ ಕೊಟ್ಟದ್ದು ಮನೆಯೇ. 2017ರ ಏಷ್ಯಾ ಕಪ್ ಫೈನಲ್‌ನಲ್ಲಿ ಚೀನಾ ವಿರುದ್ಧದ ಶೂಟೌಟ್ ಗೆದ್ದುಕೊಟ್ಟ ಮೇಲೂ ಅವರಿಗೆ ನೌಕರಿ ಇರಲಿಲ್ಲ. ಟೋಕಿಯೊದಲ್ಲಿ ಆಸ್ಟ್ರೇಲಿಯಾವನ್ನು 1-0ಯಿಂದ ಮಣಿಸಿದಾಗ ಗೋಲು ಗುರ್ಜಿತ್ ಕೌರ್ ಅವರದು, ಆ ಒಂದು ಗೋಲನ್ನು ಕೊನೆಯವರೆಗೂ ಕಾಪಾಡಿದವರು ಸವಿತಾ. ಮುಂದೆ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ವರ್ಷದ ಗೋಲ್‌ಕೀಪರ್ ಪ್ರಶಸ್ತಿ ಸತತ ಮೂರು ಬಾರಿ ಅವರಿಗೆ ಬಂತು.

ಗೋಲ್‌ಕೀಪರ್‌ಗಳ ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಕಣ್ಣೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಮ್ಯಾನುಯಲ್ ಫ್ರೆಡರಿಕ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಗೋಲ್‌ಕೀಪರ್. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಸಿಕ್ಕಿದ್ದು 2019ರಲ್ಲಿ, ಅಂದರೆ 47 ವರ್ಷ ಕಳೆದ ಮೇಲೆ. ಬೆಂಗಳೂರಿನ ಆಶಿಶ್ ಬಲ್ಲಾಳ್ 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಪೆನಾಲ್ಟಿಗಳನ್ನು ತಡೆದದ್ದರಿಂದ 32 ವರ್ಷಗಳ ಬಳಿಕ ಚಿನ್ನ ಬಂತು. ಕೊಡಗಿನಲ್ಲಂತೂ 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಹೆಸರು ಕೊಟ್ಟಿದ್ದವು. ಅಷ್ಟು ತಂಡಗಳ ಗೋಲಿನಲ್ಲೂ ಯಾರೋ ಒಬ್ಬರು ನಿಲ್ಲಲೇಬೇಕು. ಇಲ್ಲಿ ಗೋಲ್‌ಕೀಪರ್ ಆಗಬಲ್ಲವರಿಗೆ ಬರವಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಗೋಲ್‌ಕೀಪರ್ ಕಿಟ್ ಮಗುವಿನ ಆಸ್ತಿಯಾಗಬೇಕಿಲ್ಲ, ಶಾಲೆಯ ಆಸ್ತಿಯಾಗಬೇಕು. ಹಾಕಿ ಕಲಿಸುವ ಪ್ರತಿಯೊಂದು ಕ್ರೀಡಾ ವಸತಿ ಶಾಲೆಯ ದಾಸ್ತಾನಿನಲ್ಲಿ ಚಿಕ್ಕ, ನಡು, ದೊಡ್ಡ ಎಂದು ಮೂರು ಅಳತೆಯ ಪೂರ್ಣ ಕಿಟ್‌ಗಳಿರಲಿ. ಬೆಳೆದ ಮಗು ಬಿಟ್ಟದ್ದು ಮುಂದಿನ ಮಗುವಿಗೆ ಬರಲಿ. ಕೊಡಗಿನ ಕೂಡಿಗೆ, ಪೊನ್ನಂಪೇಟೆಯಂಥ ಕಡೆಯ ಶಾಲೆಗಳಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನೀಡುವ ಅನುದಾನದಲ್ಲಿ ಇದಕ್ಕೆ ಪ್ರತ್ಯೇಕ ಮೊತ್ತ ನಿಗದಿಯಾಗಲಿ. ನಿವೃತ್ತ ಗೋಲ್‌ಕೀಪರ್‌ಗಳನ್ನು ತಿಂಗಳಿಗೆ ಕೆಲವು ದಿನವಾದರೂ ಗೌರವಧನ ಕೊಟ್ಟು ಕರೆಸಬೇಕು. ಕೋನ ಮುಚ್ಚಲು ಯಾವಾಗ ಮುಂದೆ ಬರಬೇಕು, ಶೂಟೌಟ್‌ನ ಎಂಟು ಸೆಕೆಂಡುಗಳಲ್ಲಿ ಎಷ್ಟು ಹೊತ್ತು ನೆಲಕ್ಕೆ ಬೀಳದೆ ಕಾಯಬೇಕು ಎಂಬುದನ್ನು ಮುನ್ಪಡೆ ಆಟಗಾರ ಹೇಳಿಕೊಡಲಾರ. ಕಿಟ್ ಖರೀದಿ ಆಯ್ಕೆ ಶಿಬಿರಕ್ಕೆ ಮೊದಲೇ ಮುಗಿದಿರಬೇಕು. ಆಗ ಶಿಬಿರಕ್ಕೆ ಬಂದ ಯಾವ ಮಗುವಿಗಾದರೂ ಪ್ಯಾಡ್ ಕಟ್ಟಿ ಗೋಲಿನಲ್ಲಿ ನಿಲ್ಲಿಸಿ ನೋಡಬಹುದು.

– ಒಬ್ಬ ಹಾಕಿ ಅಭಿಮಾನಿ, ಮಡಿಕೇರಿ