ರೀಲು ಉಳಿದೀತು, ಹೊಳೆ ಉಳಿದೀತೆ?

ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಪೆಟ್ರೋಮ್ಯಾಕ್ಸ್ ದೀಪ, ಮುರಿದ ಕತ್ತರಿ, ತುಕ್ಕು ಹಿಡಿದ ಬೀಗ ಇತ್ಯಾದಿಗಳ ನಡುವೆ ಕೆಲವೊಮ್ಮೆ ಮೀನು ಹಿಡಿಯುವ ಹಳೆಯ ರೀಲೊಂದು ಸಿಗುವುದುಂಟು. ಹಿಡಿ ತಿರುಗುವುದಿಲ್ಲ, ಒಳಗಿನ ಗ್ರೀಸು ಅಂಟಾಗಿ ಗಟ್ಟಿಯಾಗಿರುತ್ತದೆ. ಹೊಸ ತಲೆಮಾರಿನ ಕೈಗೆ ಬಂದರೆ ಅದು ಗುಜರಿಗೆ ಹೋಗುತ್ತದೆ. ಮಗ್ಗೆ, ಆಲೂರು, ಸಕಲೇಶಪುರದ ಹಳ್ಳಿಗಳಿಗೆ ಇದೊಂದು ಚಿಕ್ಕ ಸಂಗತಿಯೆಂದು ತೋರಬಹುದು. ಆದರೆ ಒಂದು ವಸ್ತುವನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಬಲ್ಲ ಸಮಾಜಕ್ಕೂ ಕೆಟ್ಟ ಕೂಡಲೇ ಎಸೆಯುವ ಸಮಾಜಕ್ಕೂ ಇರುವ ಅಂತರವು ಪರಿಸರದ ಪ್ರಶ್ನೆಯೇ ಆಗಿದೆ.

ಸ್ಥಿರವಾದ ಸ್ಪೂಲಿನಿಂದ ದಾರ ತಾನಾಗಿ ಬಿಚ್ಚಿಕೊಳ್ಳುವ ಈ ಬಗೆಯ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯ ಮಾಲೀಕ ಇಲಿಂಗ್‌ವರ್ತ್. ಗಿರಣಿಯಲ್ಲಿ ನೂಲು ಕದಿರಿನ ತುದಿಯಿಂದ ಸರಾಗವಾಗಿ ಬಿಚ್ಚಿಕೊಳ್ಳುವ ರೀತಿಯೇ ಈ ಕಲ್ಪನೆಗೆ ಮೂಲವೆಂದು ಹೇಳಲಾಗುತ್ತದೆ. ಮುಂದೆ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಕ್ಲೂಸ್ ಎಂಬ ಊರಿನಲ್ಲಿ ಮಿಚೆಲ್ ರೀಲುಗಳು ತಯಾರಾದವು. ಆ ಕಣಿವೆಯ ಜನ ಗಡಿಯಾರದ ಬಿಡಿಭಾಗಗಳನ್ನು ಮಾಡುವುದರಲ್ಲಿ ಪಳಗಿದವರು. ಬೆಟ್ಟದ ಊರೊಂದು ತನ್ನ ಕೈಕುಶಲತೆಯಿಂದ ಲೋಕಪ್ರಸಿದ್ಧವಾದ ಈ ನಿದರ್ಶನ ಮಲೆನಾಡಿಗೂ ಪಾಠವಾಗಬಲ್ಲದು. ಆ ಕಾಲದ ರೀಲುಗಳು ಇಂದಿಗೂ ತಿರುಗುತ್ತಿರುವುದಕ್ಕೆ ಕಾರಣ ಲೋಹದ ಗಟ್ಟಿತನ ಮಾತ್ರವಲ್ಲ. ಅವನ್ನು ಬಿಚ್ಚಲು ಸಾಧ್ಯವಾಗುವಂತೆಯೇ ರೂಪಿಸಲಾಗಿತ್ತು.

ರೀಲಿನ ಒಳಗುಟ್ಟು ಕಠಿಣವಲ್ಲ. ಹಿಡಿಯನ್ನು ತಿರುಗಿಸಿದಾಗ ದೊಡ್ಡ ಹಲ್ಲುಗಾಲಿ ತಿರುಗಿ ಚಿಕ್ಕ ಹಲ್ಲುಗಾಲಿಯನ್ನು ಹಲವು ಪಟ್ಟು ವೇಗವಾಗಿ ಓಡಿಸುತ್ತದೆ. ಅದಕ್ಕೆ ಜೋಡಿಸಿದ ರೋಟರು ಸ್ಪೂಲಿನ ಸುತ್ತ ಸುತ್ತುತ್ತ, ಬಾಗಿದ ತಂತಿಯ ಮೂಲಕ ದಾರವನ್ನು ಹಿಡಿದು ಸುತ್ತುತ್ತದೆ. ಅದೇ ವೇಳೆಗೆ ಮತ್ತೊಂದು ಏರ್ಪಾಟು ಸ್ಪೂಲನ್ನು ಹಿಂದಕ್ಕೂ ಮುಂದಕ್ಕೂ ಸರಿಸುವುದರಿಂದ ದಾರ ಒಂದೇ ಕಡೆ ಗುಪ್ಪೆಯಾಗುವುದಿಲ್ಲ. ಹಿಡಿ ಹಿಂದಕ್ಕೆ ತಿರುಗದಂತೆ ಪುಟ್ಟ ಕೊಕ್ಕೆಯೊಂದು ತಡೆಯುತ್ತದೆ. ದೊಡ್ಡ ಮೀನು ಜಗ್ಗಿದಾಗ ದಾರ ಹರಿಯದೆ ಬಿಗಿಯಾಗಿ ಜಾರುವಂತೆ ನೋಡಿಕೊಳ್ಳುವುದು ವಾಷರುಗಳ ಸಾಲು, ಅಂದರೆ ಡ್ರ್ಯಾಗ್.

ಬಿಚ್ಚುವವನಿಗೆ ಬೇಕಾದುದು ಸರಿಯಳತೆಯ ಸ್ಕ್ರೂಡ್ರೈವರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿಳಿಯ ಬಟ್ಟೆ ಮತ್ತು ತಾಳ್ಮೆ. ಮೊದಲು ಸ್ಪೂಲು, ಬಳಿಕ ಹಿಡಿ, ಕೊನೆಗೆ ಪಕ್ಕದ ಮುಚ್ಚಳ. ಕಳಚಿದ ಪ್ರತಿಯೊಂದು ಭಾಗವನ್ನೂ ಕಳಚಿದ ಕ್ರಮದಲ್ಲಿಯೇ ಬಟ್ಟೆಯ ಮೇಲೆ ಎಡದಿಂದ ಬಲಕ್ಕೆ ಇಡಬೇಕು. ಹಲ್ಲುಗಾಲಿಯ ಕೆಳಗಿರುವ ತೆಳ್ಳನೆಯ ವಾಷರು ಗ್ರೀಸಿಗೆ ಅಂಟಿಕೊಂಡು ಕಣ್ತಪ್ಪುವುದುಂಟು. ಅದು ಕಳೆದರೆ ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ. ಸ್ಪ್ರಿಂಗುಗಳನ್ನು ಬಿಚ್ಚುವಾಗ ಅಂಗೈಯಿಂದ ಮುಚ್ಚಿಕೊಳ್ಳುವುದು ಲೇಸು. ಕೆಲವು ರೀಲುಗಳಲ್ಲಿ ನಟ್ಟಿನ ತಿರುವು ಎಡಮುಖವಾಗಿರುತ್ತದೆ. ಆದುದರಿಂದ ಜಗ್ಗದ ನಟ್ಟಿನ ಮೇಲೆ ಬಲ ಹಾಕುವ ಮೊದಲು ತಿರುವನ್ನು ಗಮನಿಸಬೇಕು.

ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಬೇಕು. ಇದನ್ನು ಒಲೆಯಿಂದ ದೂರವಿದ್ದು, ಗಾಳಿಯಾಡುವಲ್ಲಿ ಮಾಡಬೇಕು. ಪೆಟ್ರೋಲು ಖಂಡಿತ ಕೂಡದು. ಒಣಗಿದ ಮೇಲೆ ಹಲ್ಲುಗಾಲಿಗೆ ತೆಳುವಾಗಿ ಗ್ರೀಸು, ದಾರ ಹಾಯುವ ಉರುಳೆಗೂ ಹಿಡಿಯ ಗುಬಟಿಗೂ ಒಂದೊಂದು ಹನಿ ಹೊಲಿಗೆಯಂತ್ರದ ಎಣ್ಣೆ ಸಾಕು. ಒಣಗಿಯೇ ಕೆಲಸ ಮಾಡುವ ಡ್ರ್ಯಾಗ್ ವಾಷರುಗಳಿಗೆ ಎಣ್ಣೆ ತಾಗಿದರೆ ಹಿಡಿತ ಕೆಡುತ್ತದೆ. ಕೆಲಸವಿಲ್ಲದ ದಿನಗಳಲ್ಲಿ ಡ್ರ್ಯಾಗನ್ನು ಸಡಿಲಿಸಿ ಇಡಬೇಕು. ಇಲ್ಲವಾದರೆ ವಾಷರುಗಳು ಚಪ್ಪಟೆಯಾಗುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಉಕ್ಕಿನ ಸ್ಪ್ರಿಂಗಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಮಳೆಗೆ ಮುನ್ನ ಒಂದು ಬಾರಿ, ಮಳೆಯ ನಂತರ ಒಂದು ಬಾರಿ ಒರೆಸಿ ಎಣ್ಣೆ ಹಾಕಿದ ರೀಲು ತಲೆಮಾರುಗಳ ಕಾಲ ಬಾಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರೀಲು ತೊಳೆದ ಕೊಳಕು ಎಣ್ಣೆಯನ್ನು ಹಳ್ಳಕ್ಕೆ ಚೆಲ್ಲಿದರೆ ಇಡೀ ಕೆಲಸ ನಿರರ್ಥಕ. ಅದನ್ನು ಬಾಟಲಿಯಲ್ಲಿ ಶೇಖರಿಸಿ ಗ್ಯಾರೇಜಿನ ಹಳೆ ಎಣ್ಣೆಯ ಪೀಪಾಯಿಗೆ ಸೇರಿಸಬೇಕು. ಬಿಚ್ಚಿ ತೆಗೆದ ಹಳೆಯ ನೈಲಾನ್ ದಾರ ದಶಕಗಳ ಕಾಲ ಕೊಳೆಯುವುದಿಲ್ಲ. ದಡದಲ್ಲಿ ಬಿದ್ದರೆ ಹಕ್ಕಿಗಳ ಕಾಲಿಗೆ, ಆಮೆಗಳ ಕೊರಳಿಗೆ ಸುತ್ತಿಕೊಳ್ಳುತ್ತದೆ. ಸೀಸದ ಭಾರಗಳು ನೀರಿನಲ್ಲುಳಿದರೆ ವಿಷ. ರೀಲನ್ನು ದುರಸ್ತಿ ಮಾಡುವವನು ಈ ಕಸಕ್ಕೂ ಹೊಣೆಗಾರ.

ಹೊಸ ಪ್ಲಾಸ್ಟಿಕ್ ರೀಲು ಅಗ್ಗಕ್ಕೆ ಸಿಗುವಾಗ ಇಷ್ಟೆಲ್ಲ ಶ್ರಮವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ, ಕೂಲಿ ಮಾಡುವವನ ಅರ್ಧ ದಿನಕ್ಕೂ ಬೆಲೆಯುಂಟು. ಆದರೆ ಆ ಅಗ್ಗದ ಬೆಲೆಯಲ್ಲಿ ಗಣಿಯ ಮಣ್ಣಿನ, ಕಾರ್ಖಾನೆಯ ಹೊಗೆಯ, ಕೊನೆಗೆ ಊರಾಚೆ ಸುಡುವ ಕಸದ ಲೆಕ್ಕ ಸೇರಿಲ್ಲ. ಎರಡು ವರ್ಷಕ್ಕೊಮ್ಮೆ ಕೊಳ್ಳುವವನು ಕೊನೆಗೆ ಹೆಚ್ಚನ್ನೇ ತೆರುತ್ತಾನೆ. ದುರಸ್ತಿಯ ಹಕ್ಕಿಗಾಗಿ ಭಾರತ ಸರ್ಕಾರವು 2022ರಲ್ಲಿ ಸಮಿತಿಯನ್ನು ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವನ್ನೂ ಆರಂಭಿಸಿತು. ಆದರೆ ಹಕ್ಕು ಕಾಗದದಲ್ಲಿದ್ದು ಕೌಶಲ ಕೈಯಲ್ಲಿಲ್ಲದಿದ್ದರೆ ಪ್ರಯೋಜನವೇನು? ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (1938-2007) ಗಾಳ ಹಿಡಿದು ಹೊಳೆಯ ದಡದಲ್ಲಿ ಕೂರುತ್ತಿದ್ದವರು. ಯಂತ್ರಗಳನ್ನು ತಾವೇ ಬಿಚ್ಚಿ ನೋಡುತ್ತಿದ್ದವರು. ಹೊಳೆಯನ್ನೂ ಯಂತ್ರವನ್ನೂ ಒಂದೇ ಕುತೂಹಲದಿಂದ ಕಂಡ ಆ ದೃಷ್ಟಿ ಇಂದಿನ ವಿದ್ಯಾರ್ಥಿಗಳಿಗೆ ಬೇಕಾಗಿದೆ.

ಆದರೂ ರೀಲು ಸರಿಯಾದ ಮಾತ್ರಕ್ಕೆ ಮೀನು ಬರುವುದಿಲ್ಲ. ಕಾವೇರಿ ಕೊಳ್ಳದ ಬಿಳಿಮೀನಿನ ಪಾಡು ಇದಕ್ಕೆ ಸಾಕ್ಷಿ. 1946ರಲ್ಲಿ ಕಬಿನಿಯಲ್ಲಿ ವಾನ್ ಇಂಗೆನ್ ಹಿಡಿದ ಬಿಳಿಮೀನಿನ ತೂಕ 120 ಪೌಂಡು, ಅಂದರೆ 54 ಕಿಲೋಗ್ರಾಮಿಗೂ ಹೆಚ್ಚು. ಆ ಗುಬ್ಬಿಬೆನ್ನಿನ ಬಿಳಿಮೀನು ಯಾವ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಅತ್ಯಂತ ಗಂಭೀರ ಪಟ್ಟಿಯನ್ನು ಸೇರಿತು. ಸರಿಯಾಗಿ ಗುರುತಿಸುವ ಹೊತ್ತಿಗೆ ಮೀನು ಮಾಯವಾಗುವ ಹಂತಕ್ಕೆ ಬಂದಿತ್ತು. ಬಿಳಿಮೀನು ಮಳೆಗಾಲದಲ್ಲಿ ಹೊಳೆಯನ್ನು ಏರಿ, ಜಲ್ಲಿಗಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಅಣೆಕಟ್ಟು ಕಟ್ಟಿದರೆ ದಾರಿ ಮುಚ್ಚುತ್ತದೆ, ಮರಳು ತೆಗೆದರೆ ಮೊಟ್ಟೆಯ ತಾಣ ಹೋಗುತ್ತದೆ. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಪೂರ್ಣವಾದುದು 1979ರಲ್ಲಿ. ಘಟ್ಟದ ಆಚೆಗೆ ಹರಿಯುವ ಎತ್ತಿನಹಳ್ಳ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳನ್ನು ತಡೆಯುವ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಇವುಗಳ ಜೊತೆಗೆ ಹಳ್ಳದ ಮಡುಗಳಿಗೆ ಸಿಡಿಮದ್ದು ಎಸೆಯುವ, ವಿಷ ಬೆರೆಸುವ ನೀಚ ಪದ್ಧತಿಯೂ ಸೇರಿದೆ. 1897ರ ಮೀನುಗಾರಿಕೆ ಕಾಯಿದೆಯೇ ಇದನ್ನು ಅಪರಾಧವೆಂದಿದೆ. ಗಾಳ ಒಂದು ಮೀನನ್ನು ಹಿಡಿದರೆ ಸಿಡಿಮದ್ದು ಮರಿಗಳ ಸಮೇತ ಮಡುವನ್ನೇ ಬರಿದುಮಾಡುತ್ತದೆ.

ಕಾನೂನಿಗಿಂತ ಮೊದಲೇ ಜನ ಮೀನನ್ನು ಕಾಪಾಡಿದ ಉದಾಹರಣೆಯೂ ಹಾಸನ ಜಿಲ್ಲೆಯಲ್ಲಿಯೇ ಇದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಣಿಯ ಮೀನುಗಳಿಗೆ ಜನ ಆಹಾರ ಹಾಕುತ್ತಾರೆ, ಗಾಳ ಹಾಕುವುದಿಲ್ಲ. ಅಲ್ಲಿ ಭಕ್ತಿ ಮಾಡಿದ ಕೆಲಸವನ್ನು ಉಳಿದ ಮಡುಗಳಲ್ಲಿ ವಿವೇಕ ಮಾಡಬೇಕಾಗಿದೆ.

ಆದುದರಿಂದ ಮಲೆನಾಡಿನ ಶಾಲೆ ಕಾಲೇಜುಗಳು ವರ್ಷಕ್ಕೊಂದು ದಿನವನ್ನಾದರೂ ದುರಸ್ತಿಗೆ ಮೀಸಲಿಡಲಿ. ರೀಲು, ಸೈಕಲ್ಲು, ಟಾರ್ಚು, ಔಷಧಿ ಸಿಂಪಡಿಸುವ ಪಂಪು ಯಾವುದಾದರೂ ಸರಿ. ಬಲ್ಲ ಹಿರಿಯರು ಬಿಚ್ಚಿ ತೋರಿಸಲಿ, ಮಕ್ಕಳು ಜೋಡಿಸಲಿ. ಪ್ರತಿ ಗ್ರಾಮಸಭೆಯೂ ತನ್ನ ಹೊಳೆಯ ಒಂದು ಮಡುವನ್ನಾದರೂ ಮೀನು ಹಿಡಿಯದ ಮಡುವೆಂದು ನಿರ್ಣಯಿಸಿ, ಸಿಡಿಮದ್ದು ಹಾಕುವವರ ವಿರುದ್ಧ ದೂರು ಕೊಡುವ ಧೈರ್ಯವನ್ನು ತೋರಲಿ. ರೀಲಿನ ಒಂದು ಹಲ್ಲು ಮುರಿದರೆ ಬೇರೆ ಹಲ್ಲುಗಾಲಿಯನ್ನು ಹುಡುಕಿ ಕೂರಿಸಬಹುದು. ಹೊಳೆಯಿಂದ ಒಂದು ಮೀನಿನ ಕುಲವೇ ಅಳಿದರೆ ಅದರ ಬಿಡಿಭಾಗ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.